ಹಿತ್ತಲಿನ ಹಣ್ಣಿನ ಮರವೂ ಗೋಡೆಯ ನೆರಳೂ

ಹಿತ್ತಲಿನಲ್ಲಿ ಒಂದೆರಡು ಹಣ್ಣಿನ ಮರಗಳಿರಬೇಕೆಂಬ ಆಸೆ ಯಾರಿಗಿಲ್ಲ? ತರಕಾರಿಯ ಮಡಿಯಲ್ಲಿ ಆದ ತಪ್ಪನ್ನು ಮುಂದಿನ ಬೆಳೆಯಲ್ಲಿ ತಿದ್ದಬಹುದು. ಮರ ನೆಡುವಾಗ ಆದ ತಪ್ಪು ತಿಳಿಯುವುದಕ್ಕೇ ನಾಲ್ಕಾರು ವರ್ಷಗಳು ಬೇಕು. ನಾವೂ ಒಮ್ಮೆ ಎತ್ತರವಾದ ಗೋಡೆಯ ಉತ್ತರಕ್ಕೆ ಸೀಬೆಯ ಸಸಿಯೊಂದನ್ನು ನೆಟ್ಟೆವು. ನೀರು ಗೊಬ್ಬರಗಳಿಗೆ ಕೊರತೆಯಿರಲಿಲ್ಲ. ಗಿಡವು ಸಣಕಲಾಗಿ ಮೇಲಕ್ಕೇರಿತು. ಹಣ್ಣು ಮಾತ್ರ ಬೆರಳೆಣಿಕೆಯಷ್ಟು. ಕೊರತೆಯಿದ್ದುದು ಬಿಸಿಲಿಗೆ.

ಎಲೆಯು ಬೆಳಕಿನ ಶಕ್ತಿಯಿಂದ ಸಕ್ಕರೆಯನ್ನು ತಯಾರಿಸುತ್ತದೆ. ಮರವು ತನ್ನ ಉಸಿರಾಟಕ್ಕೂ ಬೆಳವಣಿಗೆಗೂ ವ್ಯಯಮಾಡಿ ಉಳಿದುದೇ ಹಣ್ಣಿಗೆ ದೊರೆಯುವ ಪಾಲು. ನೆರಳಿನಲ್ಲಿ ಈ ಉಳಿತಾಯವು ಅತ್ಯಲ್ಪ.

ಹಾಗಾದರೆ ನೆರಳು ಎಲ್ಲಿ ಬೀಳುತ್ತದೆ? ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಆಗಸ್ಟಿನಿಂದ ಏಪ್ರಿಲಿನವರೆಗೆ, ಎಂದರೆ ಸುಮಾರು ಎಂಟು ತಿಂಗಳು, ಮಧ್ಯಾಹ್ನದ ಸೂರ್ಯನು ದಕ್ಷಿಣಕ್ಕಿದ್ದು ನೆರಳು ಉತ್ತರಕ್ಕೆ ಬೀಳುತ್ತದೆ. ಡಿಸೆಂಬರ್ 22ರ ಸುಮಾರಿಗೆ ಸೂರ್ಯನ ಔನ್ನತ್ಯ 53.5 ಡಿಗ್ರಿ, 6 ಮೀಟರ್ ಎತ್ತರದ ಗೋಡೆಯ ನೆರಳು ಆಗ ಉತ್ತರಕ್ಕೆ ಸುಮಾರು 4.4 ಮೀಟರ್ ಚಾಚುತ್ತದೆ. ಜೂನ್ 21ರಂದು ದಕ್ಷಿಣಕ್ಕೆ ಬೀಳುವ ನೆರಳಾದರೋ ಕೇವಲ 1.1 ಮೀಟರ್!

ಇದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಒಂದು ಮೀಟರ್ ಉದ್ದದ ಕೋಲನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ ಅದರ ನೆರಳು ಅತಿ ಚಿಕ್ಕದಾದಾಗ ಅಳೆಯಿರಿ. ಡಿಸೆಂಬರಿನ ಕೊನೆಯಲ್ಲಿ ಅದು ಸುಮಾರು 0.74 ಮೀಟರ್ ಇರುತ್ತದೆ. ಈ ಸಂಖ್ಯೆಯನ್ನು ಗೋಡೆಯ ಎತ್ತರದಿಂದ ಗುಣಿಸಿದರೆ ಸಸಿಯನ್ನು ಎಷ್ಟು ದೂರ ನೆಡಬೇಕೆಂಬುದು ತಿಳಿಯುತ್ತದೆ.

ಇನ್ನು ಆಯ್ಕೆ. ಹಲಸು, ಬೀಜದ ಮಾವುಗಳು ಚಿಕ್ಕ ಹಿತ್ತಲನ್ನೆಲ್ಲ ಆಕ್ರಮಿಸುವುವು. ಸೀಬೆ, ನಿಂಬೆ, ದಾಳಿಂಬೆ, ಸೀತಾಫಲಗಳು ಅಲ್ಪ ಸ್ಥಳದಲ್ಲಿ ತೃಪ್ತಿ ಹೊಂದುವುವು. ಇವುಗಳಲ್ಲಿಯೂ ಎತ್ತರವಾಗುವುದನ್ನು ಉತ್ತರಕ್ಕೂ ಗಿಡ್ಡವಾದುದನ್ನು ದಕ್ಷಿಣಕ್ಕೂ ನೆಟ್ಟರೆ ಒಂದರ ಬಿಸಿಲನ್ನು ಇನ್ನೊಂದು ಕಸಿಯದು. ಬೀಜದಿಂದ ಹುಟ್ಟಿದ ಸೀಬೆಯಲ್ಲಿ ತಾಯಿಮರದ ಗುಣವೇ ಬರುವುದೆಂಬ ಭರವಸೆಯಿಲ್ಲ. ಕಸಿಯ ಗಿಡದಲ್ಲಿ ಅದೇ ಗುಣವಿರುವುದಲ್ಲದೆ ಫಲವೂ ಬೇಗ ದೊರೆಯುತ್ತದೆ. ಬೇಸಗೆಯಲ್ಲಿ ಗುಣಿ ತೋಡಿ ಒಣಗಲು ಬಿಟ್ಟು, ಮೇಲ್ಮಣ್ಣು ಮತ್ತು ಕೊಟ್ಟಿಗೆಗೊಬ್ಬರ ತುಂಬಿ, ಮುಂಗಾರಿನ ಆರಂಭದಲ್ಲಿ ನೆಡುವುದು ಲೇಸು.

ನಮ್ಮ ಸೀಬೆಯನ್ನು ಸ್ಥಳಾಂತರಿಸುವ ಕಾಲ ಮೀರಿತ್ತು. ವಾಚಕರು ಗುದ್ದಲಿಗೆ ಮೊದಲು ಅಳತೆಗೋಲನ್ನು ಹಿಡಿದರೆ ಆ ವರ್ಷಗಳು ಅವರಿಗೆ ಉಳಿಯುವುವು.