ಕೊಟ್ಟಿಗೆಯಲ್ಲಿ ಹುಟ್ಟಿದ ಹೆಲಿಕಾಪ್ಟರ್

ಮಕ್ಕಳೇ, ಕೊಲ್ಲೂರಿಗೆ ಗಣ್ಯರು ಬರುವ ದಿನ ಬೈಂದೂರು ಸಮೀಪದ ಅರೆಶಿರೂರಿನ ಹೆಲಿಪ್ಯಾಡಿನ ಸುತ್ತ ಜನ ಸೇರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹೆಲಿಕಾಪ್ಟರ್ ಇಳಿಯುವಾಗ ಧೂಳು ಏಳುತ್ತದೆ, ತಲೆಯ ಮೇಲಿನ ಟೊಪ್ಪಿ ಹಾರಿಹೋಗುತ್ತದೆ. ವಿಮಾನ ಏರಲು ಉದ್ದನೆಯ ರನ್‌ವೇ ಬೇಕು. ಹೆಲಿಕಾಪ್ಟರಿಗೆ ಒಂದು ಆಟದ ಬಯಲು ಸಾಕು. ಅದು ನಿಂತಲ್ಲಿಂದಲೇ ಮೇಲೇಳುತ್ತದೆ, ಬೇಕೆಂದಾಗ ಗಾಳಿಯಲ್ಲೇ ನಿಂತುಕೊಳ್ಳುತ್ತದೆ.

ಹಾಗೆ ನಿಂತುಕೊಳ್ಳುವುದು ನೋಡಲು ಸುಲಭ, ಮಾಡಲು ಬಹಳ ಕಷ್ಟ. ರೈಟ್ ಸಹೋದರರ ವಿಮಾನ ಹಾರಿದ್ದು 1903ರಲ್ಲಿ. ಹೆಲಿಕಾಪ್ಟರ್ ನಂಬಿಕೆಗೆ ಅರ್ಹವಾಗಿ ಹಾರಲು ಅದಾದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಏಕೆ?

ಮೇಲಕ್ಕೆ ಎತ್ತುವ ಬಲ ಒಂದು ಸಮಸ್ಯೆ. ತಿರುಗುವ ಅಲಗುಗಳು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ, ಗಾಳಿ ಅವುಗಳನ್ನು ಮೇಲಕ್ಕೆ ತಳ್ಳುತ್ತದೆ. ಹಗುರವೂ ಶಕ್ತಿಶಾಲಿಯೂ ಆದ ಎಂಜಿನ್ ಸಿಕ್ಕಿದ ಮೇಲೆ ಇದು ಸಾಧ್ಯವಾಯಿತು. ಎರಡನೆಯದು ಗಿರಕಿ. ಅಡುಗೆಮನೆಯ ಮಿಕ್ಸಿಯ ಸ್ವಿಚ್ ಹಾಕಿದೊಡನೆ ಅದರ ಪೆಟ್ಟಿಗೆ ಒಮ್ಮೆ ಜಗ್ಗುವುದನ್ನು ಗಮನಿಸಿದ್ದೀರಾ? ಒಳಗಿನ ಅಲಗು ಒಂದು ಕಡೆಗೆ ತಿರುಗಿದರೆ ಪೆಟ್ಟಿಗೆ ಅದಕ್ಕೆ ವಿರುದ್ಧವಾಗಿ ತಿರುಗಲು ನೋಡುತ್ತದೆ. ಮಿಕ್ಸಿಯನ್ನು ಮೇಜು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿರುವ ಹೆಲಿಕಾಪ್ಟರನ್ನು ಹಿಡಿಯುವವರು ಯಾರು? ಬಾಲದಲ್ಲಿರುವ ಸಣ್ಣ ರೋಟರ್. ಅದು ಗಾಳಿಯನ್ನು ಪಕ್ಕಕ್ಕೆ ತಳ್ಳಿ ಒಡಲು ತಿರುಗದಂತೆ ನೋಡಿಕೊಳ್ಳುತ್ತದೆ. ಇಗೊರ್ ಸಿಕೋರ್‌ಸ್ಕಿ 1939ರಲ್ಲಿ ಅಮೆರಿಕದಲ್ಲಿ ಹಾರಿಸಿದ ಹೆಲಿಕಾಪ್ಟರಿನಲ್ಲಿ ಇಂಥ ರೋಟರ್ ಇತ್ತು.

ಮೂರನೆಯ ಸಮಸ್ಯೆಯೇ ಎಲ್ಲಕ್ಕಿಂತ ತುಂಟ. ಹಾರುತ್ತಿರುವ ಹೆಲಿಕಾಪ್ಟರ್ ಸ್ವಲ್ಪ ಬಲಕ್ಕೆ ವಾಲಿತು ಎನ್ನೋಣ. ಅದರ ಜೊತೆ ರೋಟರೂ ವಾಲುತ್ತದೆ. ಆಗ ಎತ್ತುವ ಬಲ ನೇರ ಮೇಲಕ್ಕಿರದೆ ಬಲಕ್ಕೆ ಎಳೆಯುತ್ತದೆ. ಯಂತ್ರ ಬಲಕ್ಕೆ ಓಡುತ್ತದೆ, ಬಳಿಕ ಎಡಕ್ಕೆ ಹೊಯ್ದಾಡುತ್ತದೆ, ಮತ್ತೆ ಬಲಕ್ಕೆ. ಯಾರೋ ಜೋರಾಗಿ ಜೀಕುತ್ತಿರುವ ಉಯ್ಯಾಲೆಯಂತೆ ಪ್ರತಿ ಸಲವೂ ಹೊಯ್ದಾಟ ದೊಡ್ಡದಾಗುತ್ತದೆ. ಕೊನೆಗೆ ಮಗುಚಿ ಬೀಳುತ್ತದೆ.

ಈ ತುಂಟ ಸಮಸ್ಯೆಯನ್ನು ಪಳಗಿಸಿದವರಲ್ಲಿ ಒಬ್ಬರು ಆರ್ಥರ್ ಯಂಗ್. ಅವರು ಹುಟ್ಟಿದ್ದು 1905ರ ನವೆಂಬರ್ 3ರಂದು, ಪ್ಯಾರಿಸ್ಸಿನಲ್ಲಿ. ತಂದೆ ಅಮೆರಿಕದ ಚಿತ್ರಕಲಾವಿದರು. ಯಂಗ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ 1927ರಲ್ಲಿ ಪದವಿ ಪಡೆದರು. ಹೆಲಿಕಾಪ್ಟರ್ ಕಟ್ಟುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಕಲಿಸಬಲ್ಲವರು ಆಗ ಇದ್ದದ್ದೂ ಕಡಿಮೆಯೇ. 1928ರಿಂದ ಅವರು ಪುಸ್ತಕ ಓದಿ, ಕೈಯಿಂದಲೇ ಸಣ್ಣ ಮಾದರಿಗಳನ್ನು ಮಾಡಿ ಕಲಿಯತೊಡಗಿದರು.

ಮೊದಲ ಉಪಾಯ ಜಾಣತನದ್ದೇ ಆಗಿತ್ತು. ದೊಡ್ಡ ಅಲಗುಗಳ ಮೇಲೆಯೇ ಸಣ್ಣ ಪ್ರೊಪೆಲ್ಲರುಗಳನ್ನು ಕೂಡಿಸಿದರೆ ಅವು ಅಲಗುಗಳನ್ನು ಎಳೆದು ತಿರುಗಿಸುತ್ತವೆ, ಒಡಲಿಗೆ ಗಿರಕಿಯೇ ಇರುವುದಿಲ್ಲ. ಆದರೆ ವೇಗ ಹೆಚ್ಚಿದಂತೆ ಭಾಗಗಳು ಮುರಿದು ಹಾರಿಹೋಗುತ್ತಿದ್ದವು. ಸುಮಾರು ಹತ್ತು ವರ್ಷ ಇದರ ಬೆನ್ನು ಹತ್ತಿದ ಯಂಗ್ ಕೊನೆಗೆ ಅದನ್ನು ಕೈಬಿಟ್ಟರು. ಹತ್ತು ವರ್ಷದ ದುಡಿಮೆಯನ್ನು ಬದಿಗಿಟ್ಟು ಮೊದಲಿನಿಂದ ಆರಂಭಿಸುವುದು ಎಷ್ಟು ಮಂದಿಗೆ ಸಾಧ್ಯ, ಹೇಳಿ!

ಹೊಸ ಕೆಲಸ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಹಳೆಯ ಕೊಟ್ಟಿಗೆಯಲ್ಲಿ ನಡೆಯಿತು. ಒಂದು ಮುಖ್ಯ ರೋಟರ್, ಒಂದು ಬಾಲದ ರೋಟರ್, ವಿದ್ಯುತ್ ಮೋಟಾರು, ಅಷ್ಟೇ. ಮಾದರಿ ಏಳುತ್ತಿತ್ತು, ಹೊಯ್ದಾಡುತ್ತಿತ್ತು, ಬೀಳುತ್ತಿತ್ತು. ಬಿದ್ದದ್ದನ್ನು ಸರಿಪಡಿಸಿ ಮತ್ತೆ ಹಾರಿಸುತ್ತಿದ್ದರು.

ಪರಿಹಾರ ನಿಮ್ಮ ಬುಗುರಿಯಲ್ಲಿದೆ. ರಭಸದಿಂದ ತಿರುಗುವ ಬುಗುರಿಯನ್ನು ಅಂಗೈ ಮೇಲೆ ಎತ್ತಿಕೊಂಡು ಕೈಯನ್ನು ಸ್ವಲ್ಪ ಓರೆ ಮಾಡಿ. ಕೈ ವಾಲಿದರೂ ಬುಗುರಿ ಕೂಡಲೇ ವಾಲುವುದಿಲ್ಲ. ತಿರುಗುವ ವಸ್ತು ತನ್ನ ನಿಲುವನ್ನು ಸುಲಭವಾಗಿ ಬದಲಿಸದು. ಯಂಗ್ ಏನು ಮಾಡಿದರೆಂದರೆ, ಎರಡು ತುದಿಗೂ ಭಾರ ಕಟ್ಟಿದ ಒಂದು ಸರಳನ್ನು ಅಲಗುಗಳಿಗೆ ಅಡ್ಡವಾಗಿ ಜೋಡಿಸಿದರು. ಅದು ರೋಟರಿನ ಜೊತೆಗೇ ತಿರುಗುತ್ತದೆ. ಒಡಲು ವಾಲಿದರೂ ಸರಳು ಬುಗುರಿಯಂತೆ ತನ್ನ ಮಟ್ಟದಲ್ಲೇ ಉಳಿಯುತ್ತದೆ. ಅಲಗುಗಳಿಗೂ ಸರಳಿಗೂ ಕೊಂಡಿ ಇರುವುದರಿಂದ, ಅದು ಅಲಗುಗಳ ಓರೆಯನ್ನು ಬದಲಿಸಿ ರೋಟರನ್ನೂ ಮಟ್ಟವಾಗಿ ಇರಿಸುತ್ತದೆ. ಹೊಯ್ದಾಟ ನಿಂತಿತು! ಕೊಟ್ಟಿಗೆಯ ಬಾಗಿಲಿನಿಂದ ಹೊರಗೆ ಹಾರಿಸಿ ಮತ್ತೆ ಒಳಗೆ ತರುವಷ್ಟು ಮಾದರಿ ಹತೋಟಿಗೆ ಬಂತು.

1941ರಲ್ಲಿ ಯಂಗ್ ಇದನ್ನು ಬೆಲ್ ವಿಮಾನ ಕಂಪನಿಗೆ ತೋರಿಸಿದರು. ಪೇಟೆಂಟುಗಳನ್ನು ಕಂಪನಿಗೆ ಕೊಡುವುದು, ಬದಲಿಗೆ ಎರಡು ಪೂರ್ಣ ಗಾತ್ರದ ಹೆಲಿಕಾಪ್ಟರ್ ಕಟ್ಟಲು ಅವಕಾಶ ಪಡೆಯುವುದು ಎಂದು ಒಪ್ಪಂದವಾಯಿತು. ಬಾಲ್ಯದ ಗೆಳೆಯ ಬಾರ್ಟ್ರಮ್ ಕೆಲ್ಲಿ ಜೊತೆಗಿದ್ದರು. 1942ರ ಡಿಸೆಂಬರ್ ಕೊನೆಯಲ್ಲಿ ಮೊದಲ ಯಂತ್ರ ನೆಲದಿಂದ ಎದ್ದಿತು. ಹೆಚ್ಚು ಮೇಲೇರದಂತೆ ಅದನ್ನು ಹಗ್ಗದಿಂದ ನೆಲಕ್ಕೆ ಕಟ್ಟಿದ್ದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1945ರ ಮಾರ್ಚಿನಲ್ಲಿ ಈರಿ ಎಂಬ ದೊಡ್ಡ ಸರೋವರದ ಮಂಜುಗಡ್ಡೆಯ ಮೇಲೆ ಇಬ್ಬರು ಮೀನುಗಾರರು ಸಿಕ್ಕಿಹಾಕಿಕೊಂಡರು. ದೋಣಿ ಹೋಗುವಂತಿಲ್ಲ, ನಡೆದು ಬರುವಂತಿಲ್ಲ. ಯಂಗ್ ತಂಡದ ಹೆಲಿಕಾಪ್ಟರ್ ಹೋಗಿ ಅವರನ್ನು ಕರೆತಂದಿತು. ಗಂಗೊಳ್ಳಿ, ಮಲ್ಪೆಯ ಮಕ್ಕಳಿಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮುಂದಿನ ವರ್ಷ, 1946ರ ಮಾರ್ಚ್ 8ರಂದು ಬೆಲ್ 47 ಎಂಬ ಹೆಲಿಕಾಪ್ಟರಿಗೆ ಅಮೆರಿಕದಲ್ಲಿ ನಾಗರಿಕ ಬಳಕೆಯ ಅನುಮತಿ ದೊರೆಯಿತು. ಇಂಥ ಅನುಮತಿ ಪಡೆದ ಮೊದಲ ಹೆಲಿಕಾಪ್ಟರ್ ಅದೇ. ಕೊರಿಯಾ ಯುದ್ಧದಲ್ಲಿ ಅದು ಸುಮಾರು 18,000 ಗಾಯಾಳುಗಳನ್ನು ಸಾಗಿಸಿತು. ಒಟ್ಟು 5,600ಕ್ಕೂ ಹೆಚ್ಚು ತಯಾರಾದವು. ನಮ್ಮ ವಾಯುಪಡೆಯೂ ಕೆಲಕಾಲ ಅದನ್ನು ಬಳಸಿತ್ತು. ಯಂಗ್ 1995ರಲ್ಲಿ ತೀರಿಕೊಂಡರು.

ಈಗ ಹಗ್ಗದ ಮಾತಿಗೆ ಬರೋಣ. 2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಯುವಕ ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದರು. ವೃತ್ತಿಯಲ್ಲಿ ಅವರು ವೆಲ್ಡರ್. ಹೆಚ್ಚು ಓದಿರಲಿಲ್ಲ, ಆದರೆ ಕೈಯಲ್ಲಿ ಕಸುಬಿತ್ತು. ಯಂತ್ರದೊಳಗೆ ಕುಳಿತು ಎಂಜಿನ್ ಚಾಲೂ ಮಾಡಿದಾಗ ಬಾಲದ ಅಲಗು ಮುರಿದು ಮುಖ್ಯ ರೋಟರಿಗೆ ಬಡಿಯಿತು, ಅದು ಅವರ ತಲೆಗೆ ತಾಗಿತು. ಅವರು ಬದುಕುಳಿಯಲಿಲ್ಲ. ಯಂಗ್ ಅವರ ಅಲಗುಗಳೂ ಎಷ್ಟೋ ಸಲ ಮುರಿದಿದ್ದವು. ವ್ಯತ್ಯಾಸವೆಂದರೆ, ಅವು ಮುರಿದಾಗ ಒಳಗೆ ಯಾರೂ ಇರಲಿಲ್ಲ. ಮನುಷ್ಯ ಕೂರುವ ಮೊದಲು ಹದಿಮೂರು–ಹದಿನಾಲ್ಕು ವರ್ಷ ಮಾದರಿಗಳೇ ಬಿದ್ದಿದ್ದವು. ಆ ಯುವಕನ ಕೈಗೂ ಒಂದು ಒಳ್ಳೆಯ ಪ್ರಯೋಗಶಾಲೆ ಸಿಕ್ಕಿದ್ದರೆ ಎಂದು ನನಗೆ ಅನಿಸುತ್ತದೆ.

ನಮ್ಮ ರಾಜ್ಯದಲ್ಲೂ ಹೆಲಿಕಾಪ್ಟರ್ ವಿನ್ಯಾಸ ನಡೆಯುತ್ತದೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ‘ಧ್ರುವ’ ಮೊದಲು ಹಾರಿದ್ದು 1992ರ ಆಗಸ್ಟ್ 20ರಂದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಧ್ರುವದಲ್ಲಿ ಯಂಗ್ ಅವರ ಸರಳು ಕಾಣುವುದಿಲ್ಲ. ಸ್ಥಿರವಾಗಿರಲು ನೆರವಾಗುವ ಕೆಲಸವನ್ನು ಈಗ ಎಲೆಕ್ಟ್ರಾನಿಕ್ ಉಪಕರಣಗಳು ಮಾಡುತ್ತವೆ.

ಮಾಡಿ ನೋಡಿ

ಬೋಗಿ ಮರದ ಕಾಯಿಗೆ ಎರಡು ರೆಕ್ಕೆ ಇರುವುದನ್ನು ಕಂಡಿದ್ದೀರಾ? ಅದು ಗಿರಗಿರನೆ ತಿರುಗುತ್ತ ಬೀಳುತ್ತದೆ. ಅಂಥದ್ದನ್ನೇ ಕಾಗದದಲ್ಲಿ ಮಾಡೋಣ. 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಮೇಲಿನ ಅಂಚಿನ ನಡುವಿನಿಂದ ಕೆಳಕ್ಕೆ 9 ಸೆಂ.ಮೀ. ಕತ್ತರಿಸಿ. ಒಂದು ತುಂಡನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಡಚಿ. ಇವೇ ರೆಕ್ಕೆಗಳು. ಕೆಳಭಾಗವನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ತುದಿಗೆ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ. ಬೆಂಚಿನ ಮೇಲೆ ನಿಂತು ಕೈ ಎತ್ತಿ ಬಿಡಿ. ಗೆಳೆಯರೊಬ್ಬರು ಬೆಂಚನ್ನು ಹಿಡಿದುಕೊಂಡಿರಲಿ.

ನೆಲ ಮುಟ್ಟಲು ಎಷ್ಟು ಹೊತ್ತು ಬೇಕಾಯಿತು ಎಂದು ಎಣಿಸಿ ಬರೆದಿಡಿ. ಪ್ರತಿ ಸಲವೂ ಅದೇ ಎತ್ತರದಿಂದ ಬಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಕ್ಲಿಪ್ ಹಾಕಿದರೆ ಏನಾಗುತ್ತದೆ? ರೆಕ್ಕೆಯನ್ನು 2 ಸೆಂ.ಮೀ. ಗಿಡ್ಡ ಮಾಡಿದರೆ? ರೆಕ್ಕೆಗಳನ್ನು ಹಿಂದುಮುಂದಾಗಿ ಮಡಚಿದರೆ ಅದು ಯಾವ ಕಡೆಗೆ ತಿರುಗುತ್ತದೆ? ಎರಡನ್ನೂ ಒಂದೇ ಬದಿಗೆ ಮಡಚಿದರೆ?