ಟ್ರ್ಯಾಕ್ಟರಿನ ರೇಡಿಯೇಟರಿನಲ್ಲಿ ಗಾಳಿ ಸೇರುವುದು: ಲಕ್ಷಣ ಮತ್ತು ಪರಿಹಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಉಳುಮೆಗೂ, ತಿಪಟೂರಿನ ಮಾರುಕಟ್ಟೆಗೆ ಉಂಡೆಕೊಬ್ಬರಿಯನ್ನು ಸಾಗಿಸುವುದಕ್ಕೂ ಟ್ರ್ಯಾಕ್ಟರು ಈಗ ಸಾಮಾನ್ಯ ಸಾಧನವಾಗಿರುವುದು. ರೇಡಿಯೇಟರಿನ ಬಾಯಿಯವರೆಗೆ ನೀರಿದ್ದರೂ ಇಂಜಿನು ಮಿತಿಮೀರಿ ಕಾಯುವುದುಂಟು. ಒಳಗೆ ಸೇರಿಕೊಂಡ ಗಾಳಿಯು ಇದಕ್ಕೆ ಒಂದು ಮುಖ್ಯ ಕಾರಣ. ಬಾಯಲ್ಲಿ ನೀರು ಕಂಡಮಾತ್ರಕ್ಕೆ ಇಂಜಿನಿನೊಳಗೆಲ್ಲಾ ನೀರಿದೆಯೆಂದು ನಂಬತಕ್ಕದ್ದಲ್ಲ.

ಗಾಳಿಯಿಂದಾಗುವ ಕೇಡು

ಬಾವಿಯ ಪಂಪಿನಲ್ಲಿ ಗಾಳಿ ನಿಂತರೆ ಅದು ಎಷ್ಟು ತಿರುಗಿದರೂ ನೀರು ಏರದೆಂಬುದನ್ನು ರೈತರೆಲ್ಲರೂ ಬಲ್ಲರು. ಇಂಜಿನಿನ ನೀರಿನ ಪಂಪಿಗೂ ಇದೇ ನಿಯಮ. ಗಾಳಿಯು ಮೇಲೇರಿ, ಬಹಳವಾಗಿ ಕಾಯುವ ಸಿಲಿಂಡರ್ ಹೆಡ್ಡಿನಲ್ಲಿ ನಿಲ್ಲುವುದು. ಶಾಖವನ್ನು ಒಯ್ಯುವ ಶಕ್ತಿಯು ಗಾಳಿಗೆ ನೀರಿನ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಆದುದರಿಂದ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಕೆಡುವುದು. ಶಾಖಸೂಚಕದ ತುದಿಯು ಗಾಳಿಯಲ್ಲಿ ಸಿಕ್ಕಿದರೆ, ಇಂಜಿನು ಸುಡುತ್ತಿದ್ದರೂ ಮುಳ್ಳು ಕೆಳಗೇ ನಿಂತು ಚಾಲಕನನ್ನು ವಂಚಿಸುವುದು.

ಲಕ್ಷಣಗಳು

ಮೊದಲು ರೇಡಿಯೇಟರಿನ ಜಾಲರಿಯನ್ನು ನೋಡಬೇಕು. ತೆಂಗಿನ ನಾರೂ ಧೂಳೂ ಕಟ್ಟಿಕೊಂಡರೂ ಇಂಜಿನು ಕಾಯುವುದು. ಜಾಲರಿ ಶುಚಿಯಾಗಿದ್ದು, ಒಳಗೆ ಗುಳುಗುಳು ಶಬ್ದ ಕೇಳಿ, ಮುಳ್ಳು ಏರಿಳಿಯುತ್ತಿದ್ದರೆ ಗಾಳಿಯಿದೆಯೆಂದು ಶಂಕಿಸಬೇಕು. ಮೇಲಿನ ಕೊಳವೆ ಸುಡುತ್ತಿದ್ದು ಕೆಳಗಿನದು ತಣ್ಣಗಿರುವುದೂ ಒಂದು ಗುರುತು. ಆದರೆ ಥರ್ಮೋಸ್ಟಾಟು ಕೆಟ್ಟರೂ ಹೀಗೆಯೇ ಆಗುವುದು.

ಗಾಳಿ ಕಳೆಯುವ ಕ್ರಮ

1. ಇಂಜಿನು ಪೂರ್ಣವಾಗಿ ಆರುವವರೆಗೆ ಮುಚ್ಚಳವನ್ನು ಮುಟ್ಟಕೂಡದು. ತಿಪಟೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುವುದು. ಮುಚ್ಚಳದ ಒತ್ತಡವೇ ಅದನ್ನು ತಡೆದಿರುವುದು. ಬಿಸಿಯಲ್ಲಿ ಮುಚ್ಚಳ ತೆಗೆದರೆ ನೀರು ಒಮ್ಮೆಲೇ ಉಕ್ಕಿ ಮುಖವನ್ನು ಸುಡುವುದು. ಕಾದ ಇಂಜಿನಿಗೆ ತಣ್ಣೀರು ಹೊಯ್ದರೆ ಹೆಡ್ಡು ಸೀಳುವುದು.

2. ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ ಮುಂದಿನ ಗಾಲಿಗಳನ್ನು ದಿಣ್ಣೆಯ ಮೇಲೆ ನಿಲ್ಲಿಸಿ, ಬ್ರೇಕು ಹಾಕಿ, ಗೇರನ್ನು ಬಿಡಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು.

3. ಗಾಳಿ ಬಿಡುವ ತಿರುಪು ಇದ್ದರೆ ಅದನ್ನು ಸಡಿಲಿಸಿ, ಸಣ್ಣ ಧಾರೆಯಾಗಿ ನೀರು ತುಂಬಬೇಕು. ಗುಳ್ಳೆಯಿಲ್ಲದ ನೀರು ಹೊರಬಂದೊಡನೆ ತಿರುಪನ್ನು ಬಿಗಿಯಬೇಕು.

4. ಮುಚ್ಚಳ ತೆರೆದಿರುವಾಗಲೇ ಇಂಜಿನನ್ನು ಮೆಲ್ಲನೆ ನಡೆಸಿ, ಥರ್ಮೋಸ್ಟಾಟು ತೆರೆಯುವವರೆಗೆ ಕಾಯಬೇಕು. ಈ ವೇಳೆ ಮುಖವನ್ನು ದೂರವಿಡಬೇಕು. ನೀರು ಇಳಿದಂತೆಲ್ಲಾ ತುಸುತುಸುವಾಗಿ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಬೇಕು. ಮರುದಿನ ಬೆಳಿಗ್ಗೆ ಮಟ್ಟವನ್ನು ಮತ್ತೆ ನೋಡತಕ್ಕದ್ದು.

ಗಾಳಿ ಮರಳಿ ಬಂದರೆ

ದುರಸ್ತಿಯ ತರುವಾಯ ಅವಸರದಿಂದ ನೀರು ತುಂಬಿದ್ದೇ ಕಾರಣವಾಗಿದ್ದರೆ ಒಂದು ಸಾರಿಗೆ ತೊಂದರೆ ತೀರುವುದು. ಮರಳಿ ಬಂದರೆ ಕೊಳವೆಯ ಪಟ್ಟಿ, ಮುಚ್ಚಳದ ರಬ್ಬರು, ಪಂಪಿನ ಸೀಲು ಇವುಗಳಲ್ಲಿ ಸೋರಿಕೆಯನ್ನು ಹುಡುಕಬೇಕು. ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ, ಅಥವಾ ಇಂಜಿನಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ, ಗ್ಯಾಸ್ಕೆಟ್ಟು ಕೆಟ್ಟಿರುವ ಸಂಭವವುಂಟು. ಆಗ ನೀರು ತುಂಬುತ್ತಾ ಕೆಲಸ ಸಾಗಿಸದೆ ಕೂಡಲೇ ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರು ಕಟ್ಟುವುದರಿಂದ ಬಟ್ಟಿಯಿಳಿಸಿದ ನೀರಿಗೆ ಕೂಲೆಂಟನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಬೆರೆಸಿ ಬಳಸುವುದು ಉತ್ತಮ. ಉಳುಮೆಯ ಹದ ಯಾರಿಗೂ ಕಾಯದು. ಹದದ ದಿನದಲ್ಲಿ ಇಂಜಿನು ಕೆಟ್ಟು ನಿಂತರೆ ಬಾಡಿಗೆಗೆ ಕಾದಿರುವ ಸಣ್ಣ ಹಿಡುವಳಿದಾರನಿಗೂ ನಷ್ಟವೇ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕ್ರಮವನ್ನು ತಮ್ಮ ಚಾಲಕರಿಗೆ ಮಳೆಗಾಲಕ್ಕೆ ಮುಂಚೆಯೇ ಎದುರು ನಿಂತು ಮಾಡಿಸಿ ಕಲಿಸುವುದು ಯುಕ್ತ.