ಮೂರು ಅಂಕಿಗಳೊಳಗೆ ಅಡಗಿದ ವರ್ಣಪಟಲ

ಜವಳಿ ಅಂಗಡಿಯ ದೀಪದ ಬೆಳಕಿನಲ್ಲಿ ಸೀರೆಗೆ ಚೆನ್ನಾಗಿ ಒಪ್ಪಿದ ರವಕೆಯ ಬಟ್ಟೆಯು, ಮನೆಯ ಅಂಗಳದ ಬಿಸಿಲಿನಲ್ಲಿ ಒಪ್ಪದೆ ಹೋಗುವುದನ್ನು ಕಂಡರಿಯದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ಅಂಗಡಿಯವನನ್ನು ದೂರುವುದು ವಾಡಿಕೆಯಾದರೂ ಇದರ ಕಾರಣವು ನಮ್ಮ ಕಣ್ಣಿನ ರಚನೆಯಲ್ಲಿಯೇ ಇರುತ್ತದೆ. ಕೈಯೊಳಗಣ ಫೋನಿನ ಕ್ಯಾಮೆರಾಕ್ಕೂ ಇದೇ ಕೊರತೆಯುಂಟು. ಈ ಕೊರತೆಯನ್ನು ಎಷ್ಟರ ಮಟ್ಟಿಗೆ ತುಂಬಬಹುದೆಂದು ಈಚೆಗೆ ಹಲವು ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಪದವಿಗಾಗಿಯೇ ಸಂಶೋಧನೆಗಳು ನಡೆದಿರುವುದರಿಂದ, ಆ ವಿಷಯವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಬಿಳಿಯ ಬೆಳಕು ಹಲವು ವರ್ಣಗಳ ಕೂಟವೆಂಬುದನ್ನು ನ್ಯೂಟನ್ ಪಂಡಿತನು ಗಾಜಿನ ಪಟ್ಟಕದ ಮೂಲಕ ತೋರಿಸಿ 1672ರಲ್ಲಿ ಪ್ರಕಟಿಸಿದನು. ಪ್ರತಿಯೊಂದು ವಸ್ತುವೂ ಈ ಕಿರಣಗಳಲ್ಲಿ ಕೆಲವನ್ನು ಹೆಚ್ಚಾಗಿಯೂ ಕೆಲವನ್ನು ಕಡಿಮೆಯಾಗಿಯೂ ಹಿಂದಿರುಗಿಸುತ್ತದೆ. ಕಣ್ಣಿಗೆ ಕಾಣುವ ಕಿರಣಗಳ ತರಂಗಾಂತರವು ಸುಮಾರು 400ರಿಂದ 700 ನ್ಯಾನೊಮೀಟರುಗಳವರೆಗೆ ಇರುತ್ತದೆ. ಒಂದು ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಹತ್ತು ಹತ್ತಕ್ಕೊಮ್ಮೆ ಅಳೆದರೆ 31 ಅಂಕಿಗಳು ದೊರೆಯುವುವು. ವಸ್ತುವಿನ ಪೂರ್ಣ ವರ್ಣಪಟಲವೆಂದರೆ ಇದೇ. ಆದರೆ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು ಮೂರೇ ಬಗೆಯವು. ಕ್ಯಾಮೆರಾದಲ್ಲಿಯೂ ಹಾಗೆಯೇ: ಕೋಡಾಕ್ ಸಂಸ್ಥೆಯ ಬೇಯರ್ ಎಂಬಾತನು 1976ರಲ್ಲಿ ಪೇಟೆಂಟು ಪಡೆದ ಕ್ರಮದಂತೆ, ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡಕ್ಕೆ ಹಸುರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಸೋಸುಗಗಳನ್ನು ಹೊದಿಸಿರುತ್ತಾರೆ. ಮೂವತ್ತೊಂದು ಅಂಕಿಗಳು ಮೂರು ಮೊತ್ತಗಳಾಗಿ ಕುಗ್ಗುವುವು. ಭಿನ್ನ ವರ್ಣಪಟಲವುಳ್ಳ ಎರಡು ಬಟ್ಟೆಗಳಿಗೆ ದೀಪದ ಬೆಳಕಿನಲ್ಲಿ ಮೊತ್ತಗಳು ಒಂದೇ ಆಗಿದ್ದು, ಬಿಸಿಲಿನಲ್ಲಿ ಬೇರೆಯಾಗುವುದು ಸಾಧ್ಯ. ರವಕೆಯ ಸಮಸ್ಯೆಗೆ ಇದೇ ಉತ್ತರ.

ಈ ಮೊತ್ತಗಳು ಎಂತಹ ಗುಟ್ಟನ್ನು ಮುಚ್ಚಿಡಬಲ್ಲವೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮ್ಯಾಕ್ಸ್‌ವೆಲ್ ಪಂಡಿತನು ಬಣ್ಣದ ಪಟ್ಟಿಯೊಂದರ ಚಿತ್ರವನ್ನು ಕೆಂಪು, ಹಸುರು, ನೀಲಿ ದ್ರವಗಳ ಮೂಲಕ ಮೂರು ಸಲ ತೆಗೆಯಿಸಿ, ಮೂರನ್ನೂ ಒಂದರ ಮೇಲೊಂದು ಬೀಳುವಂತೆ ತೆರೆಯ ಮೇಲೆ ಪ್ರದರ್ಶಿಸಿದನು. ಆಗಿನ ಫಲಕಗಳಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ; ಆದರೂ ಕೆಂಪು ಮೂಡಿತು! ಸರಿಯಾಗಿ ನೂರು ವರುಷಗಳ ತರುವಾಯ, 1961ರಲ್ಲಿ, ಕೋಡಾಕ್ ಸಂಸ್ಥೆಯ ಇವಾನ್ಸ್ ಎಂಬಾತನು ಇದರ ಕಾರಣವನ್ನು ಕಂಡುಹಿಡಿದನು. ಆ ಕೆಂಪು ದ್ರವವು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ಒಳಬಿಡುತ್ತಿತ್ತು. ಪಟ್ಟಿಯ ಕೆಂಪು ಬಣ್ಣವು ಅದೇ ಕಿರಣಗಳನ್ನು ಹಿಂದಿರುಗಿಸುತ್ತಿತ್ತು. ಅಂಕಿಯು ಸರಿ, ಅದನ್ನುಂಟುಮಾಡಿದ ಕಿರಣವು ಬೇರೆ.

ಹಾಗಾದರೆ ಮೂರರಿಂದ ಮೂವತ್ತೊಂದನ್ನು ಪುನಃ ಪಡೆಯುವುದು ಹೇಗೆ? ಬೀಜಗಣಿತವನ್ನು ಕಲಿತ ನಮ್ಮ ಹುಡುಗಿಯರು ಕೂಡಲೆ ಆಕ್ಷೇಪಿಸುವರು: ಅವ್ಯಕ್ತಗಳು 31, ಸಮೀಕರಣಗಳು 3, ಉತ್ತರಗಳು ಅನಂತ. ಆಕ್ಷೇಪವು ನ್ಯಾಯವಾದುದೇ. ಆದರೆ ಎಲೆ, ಮಣ್ಣು, ಚರ್ಮ, ನೂಲು ಮೊದಲಾದ ನಿಜವಸ್ತುಗಳ ವರ್ಣರೇಖೆಗಳು ಸಾಮಾನ್ಯವಾಗಿ ಮನಬಂದಂತೆ ಏರಿಳಿಯದೆ ನಯವಾಗಿ ಬಾಗುತ್ತವೆ. 1964ರಲ್ಲಿ ಕೋಹೆನ್ ಎಂಬ ವಿದ್ವಾಂಸನು ಮುನ್ಸೆಲ್ ವರ್ಣಫಲಕಗಳ ರೇಖೆಗಳನ್ನು ಪರಿಶೀಲಿಸಿ, ಕೆಲವೇ ಮೂಲರೇಖೆಗಳ ಮಿಶ್ರಣದಿಂದ ಅವುಗಳನ್ನು ಬಹುಮಟ್ಟಿಗೆ ರಚಿಸಬಹುದೆಂದು ತೋರಿಸಿದನು. 2016ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಪೂರ್ಣ ವರ್ಣಪಟಲವನ್ನು ಅಳೆಯುವ ಕ್ಯಾಮೆರಾದಿಂದ ಅನೇಕ ದೃಶ್ಯಗಳನ್ನು ಸಂಗ್ರಹಿಸಿ, ಅದನ್ನೇ ನಿಘಂಟಾಗಿಟ್ಟುಕೊಂಡು ಸಾಮಾನ್ಯ ಚಿತ್ರಗಳ ವರ್ಣಪಟಲವನ್ನು ಊಹಿಸಿದರು. ಬಳಿಕ ಗಣಕಯಂತ್ರಗಳಿಗೆ ಇಂತಹ ಮಾದರಿಗಳನ್ನು ಉಣಿಸಿ ಕಲಿಸುವ ಸ್ಪರ್ಧೆಯೇ ಆರಂಭವಾಯಿತು.

ಇಲ್ಲಿ ‘ಊಹೆ’ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಇಂಗ್ಲೆಂಡಿನ ನಾರ್ವಿಚ್ ನಗರದ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ನಮಗೆ ಬಹಳ ಮೆಚ್ಚುಗೆಯಾಯಿತು. ಭಾಗಾಕಾರದ ಲೆಕ್ಕವನ್ನು ಗುಣಿಸಿ ತಾಳೆನೋಡುವಂತೆ, ಅವರು ಯಂತ್ರಗಳು ಕೊಟ್ಟ 31 ಅಂಕಿಗಳನ್ನು ಮರಳಿ ಕೂಡಿಸಿ, ಮೊದಲಿನ ಮೂರು ಅಂಕಿಗಳು ಬರುವವೋ ಎಂದು ನೋಡಿದರು. ಜಾಣವೆನಿಸಿಕೊಂಡ ಯಂತ್ರಗಳ ಉತ್ತರಗಳೂ ತಾಳೆಬೀಳಲಿಲ್ಲ. ಇದಲ್ಲದೆ, ಅದೇ ದೃಶ್ಯದ ಬೆಳಕನ್ನು ಮಾತ್ರ ಹೆಚ್ಚು ಕಡಿಮೆ ಮಾಡಿದರೆ ಅಂತಹ ಯಂತ್ರಗಳ ಉತ್ತರವು ಕೆಡುತ್ತಿತ್ತೆಂಬುದನ್ನೂ ಅವರು ಕಂಡುಕೊಂಡರು. ಉತ್ತರವು ಮೂರು ಅಂಕಿಗಳಿಗೆ ತಪ್ಪದೆ ಹೊಂದುವಂತೆ ಲೆಕ್ಕವನ್ನು ಕಟ್ಟುವ ಕ್ರಮವನ್ನು ಅವರೇ ರೂಪಿಸಿದರು.

ಇಷ್ಟೆಲ್ಲ ಶ್ರಮವೇತಕ್ಕೆಂದು ತಾಯ್ತಂದೆಗಳು ಕೇಳಬಹುದು. ರಕ್ತಹೀನತೆಯುಳ್ಳವರ ಕೆಳಗಣ ರೆಪ್ಪೆಯನ್ನು ಎಳೆದು ಒಳಗಡೆಯ ಕೆಂಪನ್ನು ವೈದ್ಯರು ನೋಡುವುದನ್ನು ಎಲ್ಲರೂ ಬಲ್ಲರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕೀನ್ಯಾ ದೇಶದ ಮೋಯಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 153 ಮಂದಿ ರೋಗಿಗಳ ಸಹಾಯದಿಂದ ನಡೆಸಿದ ಅಧ್ಯಯನವನ್ನು 2020ರಲ್ಲಿ ಪ್ರಕಟಿಸಿದರು. ಫೋನಿನಿಂದ ತೆಗೆದ ರೆಪ್ಪೆಯೊಳಗಿನ ಚಿತ್ರದಿಂದ ವರ್ಣಪಟಲವನ್ನು ರಚಿಸಿ, ಸೂಜಿ ಚುಚ್ಚದೆಯೇ ರಕ್ತದ ಹಿಮೋಗ್ಲೋಬಿನ್ ಪ್ರಮಾಣವನ್ನು ಅಂದಾಜು ಮಾಡುವುದು ಅವರ ಉದ್ದೇಶ. ಈ ಕೆಲಸಕ್ಕೆ ಎರಡು ಅನುಕೂಲಗಳುಂಟು. ರೆಪ್ಪೆಯ ಒಳಭಾಗಕ್ಕೆ ಮೈಬಣ್ಣದ ಅಡ್ಡಿಯಿಲ್ಲ; ಹಿಮೋಗ್ಲೋಬಿನ್ ಯಾವ ಕಿರಣಗಳನ್ನು ಎಷ್ಟು ಹೀರುತ್ತದೆಂಬುದು ಮೊದಲೇ ತಿಳಿದ ಸಂಗತಿ. ಲೋಕದ ಸಕಲ ವಸ್ತುಗಳನ್ನೂ ಊಹಿಸಹೊರಟ ಯಂತ್ರಕ್ಕೆ ಈ ಸೌಕರ್ಯವಿಲ್ಲ. ಹಾಗಿದ್ದರೂ ಚಿತ್ರದಿಂದ ದೊರೆತ ಪ್ರತಿಯೊಂದು ಅಂಕಿಯನ್ನೂ ಅವರು ಒರೆಗೆ ಹಚ್ಚಿ ನೋಡಿದ್ದು ಅದೇ ರೋಗಿಯ ರಕ್ತವನ್ನು ತೆಗೆದು ಮಾಡಿದ ಪರೀಕ್ಷೆಯ ಅಂಕಿಯೊಡನೆಯೇ.